ಊರೇ ಜಾಮೀನು: ಗಡಿನಾಡಿನಲ್ಲಿ ಪ್ರೊಬೇಷನ್ ಕಾಯಿದೆ

1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯು ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಎಣಿಸಿತು. ಮುಂಬಯಿ ಪ್ರಾಂತದ ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಅವರನ್ನು ವಸಾಹತುಗಳಲ್ಲಿಟ್ಟು ಹಾಜರಿ ಕೂಗಿಸಿ ದುಡಿಸಿದರು. ಹೆಸರು ಸುಧಾರಣೆ, ಬಾಳು ಸೆರೆವಾಸ. 1952ರಲ್ಲಿ ಆ ಕಾಯಿದೆ ರದ್ದಾಯಿತು.

1958ರ ಅಪರಾಧಿಗಳ ಪ್ರೊಬೇಷನ್ ಕಾಯಿದೆಯ ದೃಷ್ಟಿಯೇ ಬೇರೆ. ಮರಣದಂಡನೆಗೂ ಜೀವಾವಧಿ ಶಿಕ್ಷೆಗೂ ಗುರಿಯಾಗದ ಅಪರಾಧವೆಸಗಿದವನಿಂದ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಮೂರು ವರ್ಷ ಮೀರದ ಅವಧಿಗೆ ಅವನನ್ನು ಸಮಾಜದ ನಡುವೆಯೇ ಬಿಡಬಹುದು. ಹನ್ನೆರಡನೆಯ ಕಲಮಿನಂತೆ, ಶಿಕ್ಷೆಯಿಂದ ಒದಗುವ ಅನರ್ಹತೆಯೂ ಅವನಿಗೆ ಅಂಟದು. ಷರತ್ತೊಂದುಂಟು: ಅವನಿಗಾಗಲಿ ಜಾಮೀನುದಾರನಿಗಾಗಲಿ ನ್ಯಾಯಾಲಯದ ಸರಹದ್ದಿನಲ್ಲಿ, ಇಲ್ಲವೇ ಅವನು ಮುಂದೆ ವಾಸಿಸಲಿರುವ ಸ್ಥಳದಲ್ಲಿ, ಸ್ಥಿರವಾದ ಮನೆಯೋ ಕೆಲಸವೋ ಇರಬೇಕು.

ನಮ್ಮ ಸೀಮೆಯ ತೊಡಕು ಇಲ್ಲಿಯೇ. 1956ರಲ್ಲಿ ಗದ್ವಾಲವು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿತು; ಬೀಗತನಗಳು ಬೇರ್ಪಡಲಿಲ್ಲ. ನಾರಾಯಣಪೇಟೆ, ಮಕ್ತಲಗಳ ಕೂಲಿಕಾರರು ಮಳೆ ಕೈಕೊಟ್ಟರೆ ಮುಂಬಯಿ, ಪುಣೆಗಳಿಗೆ ಗುಳೆ ಹೋಗುವರು. ಅಂಥವನ ಸ್ಥಿರವಾಸ ಯಾವುದು? ಪ್ರೊಬೇಷನ್ ಅಧಿಕಾರಿ ಅವನ ನಡತೆ, ಮನೆತನಗಳನ್ನು ವಿಚಾರಿಸಿ ವರದಿ ಕೊಡಬೇಕು. ತಾಯಿಯು ಕನ್ನಡದಲ್ಲಿ ತೋಡಿಕೊಂಡ ಅಳಲು ತೆಲುಗಿನ ಕಡತದಲ್ಲಿ ಎಷ್ಟು ಉಳಿದೀತು? ನದಿಯಾಚೆಯ ಸೋದರಮಾವನ ಮನೆಗೂ ಕಾಯಿದೆಯ ಮಾತಿನಲ್ಲಿ ಎಡೆಯಿದೆ. ಅದನ್ನು ನ್ಯಾಯಾಲಯದ ಮುಂದೆ ಎತ್ತಿ ಹೇಳಬಲ್ಲ, ಎರಡೂ ನುಡಿ ಬಲ್ಲ ವಕೀಲರು ನಮ್ಮ ಸಂಘಗಳಲ್ಲಿಯೇ ಇದ್ದಾರೆ.