ಡಮಾಮಿಯ ಸೀಮೆ ಮತ್ತು ಸ್ಯಾಕ್ಸೋಫೋನ್

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ – ಉತ್ತರ ಕನ್ನಡ ಜಿಲ್ಲೆಯ ಈ ಕಾಡುಸೀಮೆಯ ವಾದ್ಯಗಳೆಂದರೆ ಮೊದಲು ನೆನಪಾಗುವುದು ಸಿದ್ದಿ ಜನರ ಡಮಾಮಿ. ಮುಂಡಗೋಡಿನಲ್ಲಿ 1966ರಿಂದ ನೆಲೆಸಿರುವ ಟಿಬೆಟನ್ನರ ಮಠಗಳಲ್ಲಿ ಶಹನಾಯಿಯನ್ನು ಹೋಲುವ ಗ್ಯಾಲಿಂಗ್ ಮೊಳಗುತ್ತದೆ. ಇವುಗಳ ನಡುವೆ ಸ್ಯಾಕ್ಸೋಫೋನಿಗೆ ಏನು ಕೆಲಸ ಎಂದು ಓದುಗರು ಕೇಳಬಹುದು. ಆದರೆ ಜನಪದ ಹಾಡು ಸ್ಯಾಕ್ಸೋಫೋನಿಗೆ ಇಳಿದ ಚರಿತ್ರೆಯನ್ನು ಬೆನ್ನಟ್ಟಿ ಹೋದರೆ, ಅದರ ಒಂದು ಎಳೆ ಈ ಕಾಡಿನವರೆಗೂ ಬಂದು ಮುಟ್ಟುತ್ತದೆ.

ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಈ ವಾದ್ಯಕ್ಕೆ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ. ಮೈ ಹಿತ್ತಾಳೆಯದಾದರೂ ನಾದ ಹುಟ್ಟುವುದು ಒಂದು ಪುಟ್ಟ ಪೀಪಿಯಿಂದ. ಮೊದಲಿಗೆ ಇದು ಯುರೋಪಿನ ಸೈನ್ಯದ ಬ್ಯಾಂಡುಗಳ ವಾದ್ಯ. ಇದಕ್ಕೆ ಮನುಷ್ಯಕಂಠದ ಅಳು, ನಗು, ಮಾತಿನ ಧಾಟಿಯನ್ನು ತುಂಬಿದವರಲ್ಲಿ ಅಗ್ರಗಣ್ಯರು ಅಮೆರಿಕಕ್ಕೆ ಗುಲಾಮರಾಗಿ ಒಯ್ಯಲ್ಪಟ್ಟ ಆಫ್ರಿಕನ್ನರ ವಂಶಜರು. ಕೋಲ್‌ಮನ್ ಹಾಕಿನ್ಸ್ 1948ರಲ್ಲಿ ಯಾವ ಪಕ್ಕವಾದ್ಯವೂ ಇಲ್ಲದೆ ಏಕಾಂಗಿಯಾಗಿ ನುಡಿಸಿ ಧ್ವನಿಮುದ್ರಿಸಿದರು. ಸನ್ನಿ ರಾಲಿನ್ಸ್ 1956ರಲ್ಲಿ, ತಾಯಿಯ ಬಾಯಲ್ಲಿ ಬಾಲ್ಯದಲ್ಲಿ ಕೇಳಿದ್ದ ಕೆರಿಬಿಯನ್ ದ್ವೀಪಗಳ ಜನಪದ ಧಾಟಿಯನ್ನು ‘ಸೇಂಟ್ ಥಾಮಸ್’ ಎಂಬ ಹೆಸರಿನಲ್ಲಿ ನುಡಿಸಿದರು. ತಾಯಿಯ ಹಾಡು ಹೀಗೆ ಲೋಕದ ಹಾಡಾಯಿತು.

ಅದೇ ಆಫ್ರಿಕಾದಿಂದ ಪೂರ್ವ ದಿಕ್ಕಿಗೂ ಗುಲಾಮರ ಸಾಗಣೆ ನಡೆದಿತ್ತು. ಪೋರ್ಚುಗೀಸರ ಕಾಲದಲ್ಲಿ ಗೋವಾಕ್ಕೆ ಬಂದವರಲ್ಲಿ ಅನೇಕರು ಒಡೆಯರಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರೆಂದು ಚರಿತ್ರಕಾರರು ಹೇಳುತ್ತಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ, ಅಂಕೋಲಾ ಭಾಗದ ಸಿದ್ದಿಗಳು ಇಂಥವರ ಸಂತತಿ. ಅವರಲ್ಲಿ ಹಿಂದೂಗಳೂ, ಕ್ರೈಸ್ತರೂ, ಮುಸಲ್ಮಾನರೂ ಇದ್ದಾರೆ. ಮನೆಮಾತಿನಲ್ಲಿ ಕೊಂಕಣಿಯ ಛಾಯೆ ಇದೆ. ಎಲ್ಲರನ್ನೂ ಒಟ್ಟುಗೂಡಿಸುವುದು ಎರಡು ಮುಖದ ಡಮಾಮಿಯ ಬಡಿತ, ಅದರೊಡನೆ ಹಾಡು, ಕುಣಿತ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅಟ್ಲಾಂಟಿಕ್ ದಾಟಿದ ಬಂಧುಗಳ ಕೈಗೆ ಸ್ಯಾಕ್ಸೋಫೋನ್ ಸಿಕ್ಕಿತು. ಅರಬ್ಬೀ ಸಮುದ್ರ ದಾಟಿದವರ ಕೈಯಲ್ಲಿ ಡಮಾಮಿ ಉಳಿಯಿತು.

ಜೋಯಿಡಾಕ್ಕೆ ತಾಗಿಕೊಂಡಿರುವ ಗೋವಾದಲ್ಲಿ ಚರ್ಚಿನ ಶಾಲೆಗಳು ಪಾಶ್ಚಾತ್ಯ ಸ್ವರಲಿಪಿಯನ್ನು ಕಲಿಸಿದವು. ಅಲ್ಲಿಂದ ಹೊರಟ ಸಂಗೀತಗಾರರು ಮುಂಬಯಿಯ ಜಾಝ್ ಮೇಳಗಳನ್ನೂ ಚಲನಚಿತ್ರ ವಾದ್ಯವೃಂದಗಳನ್ನೂ ತುಂಬಿದರು. ಆದರೆ ಈ ವಾದ್ಯಕ್ಕೆ ಕನ್ನಡನಾಡಿನ ಗಮಕವನ್ನು ಕಲಿಸಿದ ಕೀರ್ತಿ ಕರಾವಳಿಯ ಕದ್ರಿ ಗೋಪಾಲನಾಥರಿಗೆ ಸಲ್ಲಬೇಕು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ನಾಗಸ್ವರ ವಿದ್ವಾಂಸ ತನಿಯಪ್ಪನವರ ಮಗನಾಗಿ 1949ರಲ್ಲಿ ಹುಟ್ಟಿದ ಅವರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ಗೋಪಾಲಕೃಷ್ಣ ಅಯ್ಯರ್, ಬಳಿಕ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತರು. ಗುಂಡಿ ಒತ್ತಿದರೆ ಒಂದೊಂದೇ ಸ್ವರ ಬಿಡಿಬಿಡಿಯಾಗಿ ಕೊಡುವ ವಾದ್ಯದಲ್ಲಿ ಜಾರು, ಕಂಪನಗಳನ್ನು ತರಲು ತುಟಿ, ಉಸಿರು, ಬೆರಳು ಮೂರೂ ದುಡಿಯಬೇಕು. ಆ ಸಾಧನೆಗೆ ವರ್ಷಗಳೇ ಹಿಡಿದವು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮೆನೇಡ್ ಕಚೇರಿ, 2004ರಲ್ಲಿ ಪದ್ಮಶ್ರೀ ಅವರಿಗೆ ಒಲಿದವು. 2019ರ ಅಕ್ಟೋಬರ್ 11ರಂದು ಅವರು ನಿಧನರಾದರು. ಇಂದು ಕರಾವಳಿಯ ಉತ್ಸವ, ಮದುವೆ, ಭೂತಕೋಲಗಳಲ್ಲಿ ಹಲವೆಡೆ ನಾಗಸ್ವರದ ಜಾಗದಲ್ಲಿ ಸ್ಯಾಕ್ಸೋಫೋನ್ ಕೇಳಿಬರುತ್ತದೆ. ಇದು ಗೆಲುವೂ ಹೌದು, ಹಳೆಯ ವಾದ್ಯದ ಪಾಲಿಗೆ ನಷ್ಟವೂ ಹೌದು.

ಮುಂಬಯಿಯ 1980ರ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಗೋಪಾಲನಾಥರ ವಾದನ ಕೇಳಿ ವೇದಿಕೆಯಲ್ಲಿ ಜೊತೆಗೂಡಿ ನುಡಿಸಿದರು. ಆಫ್ರಿಕನ್ ಮೂಲದ ಅಮೆರಿಕನ್ ಕಲಾವಿದನೂ ಕನ್ನಡನಾಡಿನ ನಾಗಸ್ವರ ಮನೆತನದ ಕಲಾವಿದನೂ ಒಂದೇ ವಾದ್ಯದ ಮೂಲಕ ಮಾತನಾಡಿದ ಗಳಿಗೆ ಅದು. ಆ ಸಂವಾದದಲ್ಲಿ ಡಮಾಮಿಯ ಪಾಲು ಇನ್ನೂ ಬಾಕಿ ಇದೆ.

ಸಿದ್ದಿಗಳ ಹಾಡನ್ನು ಸ್ಯಾಕ್ಸೋಫೋನಿಗೆ ತರುವ ಕಲಾವಿದರು ಒಂದು ಮಾತನ್ನು ಮರೆಯಬಾರದು. ಧಾಟಿಯನ್ನು ಪೀಪಿ ಅನುಕರಿಸಬಲ್ಲದು, ಹಾಡಿನ ಮಾತನ್ನಲ್ಲ. ಮಾತು ಉಳಿದಿರುವುದು ಹಾಡುವವರ ನಾಲಗೆಯ ಮೇಲೆ. ಆದುದರಿಂದ ಮೊದಲು ಆ ಹಾಡುಗಾರರನ್ನು ಅವರ ಅಂಗಳದಲ್ಲೇ ಕೇಳಬೇಕು, ಹಾಡನ್ನು ಅವರ ಭಾಷೆಯಲ್ಲೇ ಬರೆದಿಡಬೇಕು. ಧ್ವನಿಮುದ್ರಿಕೆ ಹೊರಬಂದಾಗ ಅದರ ಮೇಲೆ ‘ಸಾಂಪ್ರದಾಯಿಕ’ ಎಂಬ ಒಂದೇ ಪದ ಹಾಕಿ ಸುಮ್ಮನಾಗದೆ ಹಾಡಿಕೊಟ್ಟವರ ಹೆಸರನ್ನೂ ಊರನ್ನೂ ಅಚ್ಚು ಹಾಕಿಸಿ, ಗಳಿಕೆಯಲ್ಲಿ ಪಾಲು ಕೊಡಬೇಕು. ಒಮ್ಮೆ ಒಡೆಯರು ಹೆಸರು ಕಿತ್ತುಕೊಂಡ ಜನರ ಹಾಡನ್ನಾದರೂ ಹೆಸರಿಲ್ಲದಂತೆ ಮಾಡದಿರುವುದು ನಮ್ಮ ಕಾಲದ ಹೊಣೆ.