ತಿಪಟೂರು ಕೊಬ್ಬರಿ ಮತ್ತು ವಾಣಿಜ್ಯ ಪಠ್ಯಕ್ರಮದ ಜಾಗತೀಕರಣ

2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ತಿಪಟೂರು ಎಪಿಎಂಸಿಯಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಬೆಳೆಗಾರರು ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಸಂಸ್ಥೆಯ ಖರೀದಿಗೆ ಹೆಸರು ನೋಂದಾಯಿಸಲು ಸಾಲುಗಟ್ಟಿದರು. 2025ರಲ್ಲಿ ಬೆಂಬಲ ಬೆಲೆ 12,100 ಆದರೆ, ಮಾರುಕಟ್ಟೆ ಧಾರಣೆ 20 ಸಾವಿರ ದಾಟಿತು. ಇಲ್ಲಿನ ತೋಟಗಳಲ್ಲಿ ಇಳುವರಿ ತಗ್ಗಿದ್ದು ಒಂದು ಕಾರಣ. ಇಂಡೋನೇಷ್ಯಾ, ಫಿಲಿಪೀನ್ಸ್‌ಗಳಲ್ಲಿ ಬರದಿಂದ ಫಸಲು ಕುಸಿದು ಕೊಬ್ಬರಿ ಎಣ್ಣೆ ದುಬಾರಿಯಾದದ್ದು ಇನ್ನೊಂದು.

ಈ ಏರಿಳಿತವನ್ನು ಇದೇ ಊರುಗಳ ಬಿ.ಕಾಂ. ವಿದ್ಯಾರ್ಥಿ ಯಾವ ವಿಷಯದಲ್ಲಿ ಓದಬೇಕು?

ಅಂತರರಾಷ್ಟ್ರೀಯ ವ್ಯವಹಾರವನ್ನು ಪ್ರತ್ಯೇಕ ವಿಷಯವಾಗಿ ಕಲಿಸಬೇಕೋ, ಎಲ್ಲ ವಿಷಯಗಳಲ್ಲೂ ಬೆರೆಸಬೇಕೋ ಎಂಬ ಚರ್ಚೆ ಹಳೆಯದು. ಬಿಸಿನೆಸ್ ಶಾಲೆಗಳಿಗೆ ಮಾನ್ಯತೆ ನೀಡುವ ಎಎಸಿಎಸ್‌ಬಿ ಸಂಸ್ಥೆ 2011ರಲ್ಲಿ ನಿರ್ವಹಣಾ ಶಿಕ್ಷಣದ ಜಾಗತೀಕರಣದ ಬಗ್ಗೆಯೇ ವರದಿ ಪ್ರಕಟಿಸಿತು. ಅದಕ್ಕೂ ಹತ್ತು ವರ್ಷ ಮೊದಲು, ದೇಶಗಳ ನಡುವಿನ ದೂರವನ್ನು ಸಂಸ್ಕೃತಿ, ಆಡಳಿತ, ಭೂಗೋಳ, ಆರ್ಥಿಕತೆ ಎಂಬ ನಾಲ್ಕು ಬಗೆಯಲ್ಲಿ ಅಳೆಯಬೇಕೆಂದು ನಿರ್ವಹಣಾ ಚಿಂತಕ ಪಂಕಜ್ ಘೇಮಾವತ್ ವಾದಿಸಿದ್ದರು.

ಈ ಅಳತೆಗೋಲು ಕೊಬ್ಬರಿಗೆ ಚೆನ್ನಾಗಿ ಒಪ್ಪುತ್ತದೆ. ಆಗ್ನೇಯ ಏಷ್ಯಾದ ಕೊಬ್ಬರಿ ಬಹುಪಾಲು ಗಾಣಕ್ಕೆ ಹೋಗುತ್ತದೆ. ತಿಪಟೂರಿನ ಉಂಡೆ ಉತ್ತರ ಭಾರತದ ಹಬ್ಬ, ಪೂಜೆ, ಒಣಹಣ್ಣಿನ ಅಂಗಡಿಗೆ ರವಾನೆಯಾಗುತ್ತದೆ. ಸಂಸ್ಕೃತಿ ಅದಕ್ಕೆ ಬೇರೆಯದೇ ಮಾರುಕಟ್ಟೆ ಕೊಟ್ಟಿದೆ. ಆದರೂ ಎಣ್ಣೆ ಬೆಲೆ ಏರಿದರೆ ಕಾಯಿಗೆ ಪೈಪೋಟಿ ಹೆಚ್ಚಿ, ಉಂಡೆಯ ಧಾರಣೆಯೂ ಕದಲುತ್ತದೆ.

ಲೆಕ್ಕಶಾಸ್ತ್ರದ ಪಾಠವೂ ಇಲ್ಲೇ ಇದೆ. ಬಲಿತ ಕಾಯಿಯನ್ನು ಸಿಪ್ಪೆ ಸುಲಿಯದೆ ಎಂಟರಿಂದ ಹನ್ನೆರಡು ತಿಂಗಳು ಅಟ್ಟದಲ್ಲಿ ಇಡುತ್ತಾರೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದಾಗ ಉಂಡೆ ಚಿಪ್ಪಿಗೆ ಬಡಿದು ಸದ್ದು ಮಾಡಿದರೆ ಕೊಬ್ಬರಿ ಸಿದ್ಧ. ಅಷ್ಟು ದಿನ ಬಂಡವಾಳ ಅಟ್ಟದಲ್ಲೇ ಕೂತಿರುತ್ತದೆ. ಬಡ್ಡಿ, ಒಣಗಿ ತಗ್ಗುವ ತೂಕ, ಬೆಲೆ ಕುಸಿತದ ಅಪಾಯ ಎಲ್ಲವೂ ರೈತನ ತಲೆಯ ಮೇಲೆ. ದಾಸ್ತಾನಿನ ವೆಚ್ಚವನ್ನು ಕಾರು ಕಾರ್ಖಾನೆಯ ಉದಾಹರಣೆಯಿಂದಲೇ ಕಲಿಸಬೇಕಿಲ್ಲ. ಸುಂಕದ ಪಾಠಕ್ಕೂ ಸರಕು ಹತ್ತಿರದಲ್ಲೇ ಇದೆ: ಜಾಗತಿಕ ಸರಕು ವರ್ಗೀಕರಣದಲ್ಲಿ ಕೊಬ್ಬರಿಯ ಸಂಖ್ಯೆ 1203, ಒಣ ತೆಂಗಿನ ತುರಿಯದು 080111.

ಹಾಗಾಗಿ ಬೆರೆಸಿ ಕಲಿಸುವ ದಾರಿಯೇ ಇಲ್ಲಿಗೆ ಸರಿ. ತುಮಕೂರು ವಿಶ್ವವಿದ್ಯಾಲಯದ ವಾಣಿಜ್ಯ ಅಧ್ಯಯನ ಮಂಡಳಿ ಕೊಬ್ಬರಿಯನ್ನು ಲೆಕ್ಕಶಾಸ್ತ್ರ, ಮಾರುಕಟ್ಟೆ, ವಾಣಿಜ್ಯ ಕಾನೂನು ಮೂರರಲ್ಲೂ ಪ್ರಕರಣ ಅಧ್ಯಯನವಾಗಿ ಸೇರಿಸಬೇಕು. ಎಪಿಎಂಸಿ ಧಾರಣೆಯನ್ನು ವಿಶ್ವ ಮಾರುಕಟ್ಟೆಯ ಎಣ್ಣೆ ಬೆಲೆಯೊಂದಿಗೆ ಹೋಲಿಸುವ ಕಿರು ಯೋಜನೆಯನ್ನು ಅಂತಿಮ ವರ್ಷದವರಿಗೆ ಕಡ್ಡಾಯ ಮಾಡಬೇಕು.