ಇಂಟೆಲ್ ಲ್ಯಾಪ್‌ಟಾಪ್‌ಗೆ ಎಎಂಡಿ ಹೆಸರಿನ ಫೈಲ್ ಯಾಕೆ?

📌 1/4

ಹೋದ ತಿಂಗಳು ನನ್ನ ರೂಮ್‌ಮೇಟ್ ತನ್ನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗೆ ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿಸ್ಕೊಂಡು ಬಂದ್ಲು. ಮೊದಲಿದ್ದದ್ದು 4, ಈಗ 4, ಒಟ್ಟು 8. ಟ್ಯೂಷನ್ ಹೇಳಿ ಕೂಡಿಸಿಟ್ಟ ದುಡ್ಡು ಅದು. ಆನ್ ಮಾಡಿದ್ರೆ ಅದೇ ಹಳೇ ತೆವಳಾಟ. ನಾಲ್ಕು ಟ್ಯಾಬ್ ತೆರೆದ್ರೆ ಪ್ರಾಜೆಕ್ಟ್ ಫೈಲ್ ಅಲ್ಲಾಡಲ್ಲ. "ಅಂಗಡಿ ಅಣ್ಣ ಮೋಸ ಮಾಡಿದ್ರು ಕಣೇ" ಅಂತ ಅಳೋದೊಂದೇ ಬಾಕಿ.

ಸೆಟ್ಟಿಂಗ್ಸ್ → ಸಿಸ್ಟಮ್ → ಅಬೌಟ್ ತೆಗೆದು ನೋಡಿದ್ವಿ. ರ‍್ಯಾಮ್ 8 ಜಿಬಿ ಅಂತಾನೇ ಇದೆ. ಆದ್ರೆ ಪಕ್ಕದಲ್ಲೇ, ಬಳಸೋಕೆ ಸಿಗೋದು 3 ಚಿಲ್ಲರೆ ಜಿಬಿ ಮಾತ್ರ ಅಂತಲೂ ಇದೆ! ಕೆಳಗೆ ‘ಸಿಸ್ಟಮ್ ಟೈಪ್’ ಅನ್ನೋ ಸಾಲು: 32 ಬಿಟ್ ಆಪರೇಟಿಂಗ್ ಸಿಸ್ಟಮ್, ಎಕ್ಸ್64 ಪ್ರೊಸೆಸರ್.

ಒಂದೇ ಸಾಲಿನಲ್ಲಿ ಎರಡು ಉತ್ತರ, ಅದೂ ಬೇರೆ ಬೇರೆ. ಯಂತ್ರ 64 ಬಿಟ್, ಅದರ ಮೇಲೆ ಕೂತಿರೋ ವಿಂಡೋಸ್ 32 ಬಿಟ್. ಇದು ಹೇಗಾಯ್ತು ಅಂತ ಹುಡುಕಿದಾಗ ಸಿಕ್ಕ ಕಥೆನೇ ಇವತ್ತಿನದು.

📌 2/4

ಮೊದಲು ಈ ‘ಬಿಟ್’ ಲೆಕ್ಕ. ನಮ್ಮ ಪಿನ್‌ಕೋಡ್‌ಗೆ 6 ಅಂಕಿ. ಹಾಗಾಗಿ ಎಷ್ಟೇ ಜಗ್ಗಾಡಿದ್ರೂ 10 ಲಕ್ಷಕ್ಕಿಂತ ಹೆಚ್ಚು ನಂಬರ್ ಸಿಗಲ್ಲ. ಮೆಮೊರಿಯಲ್ಲೂ ಪ್ರತಿ ಬೈಟ್‌ಗೆ ಒಂದು ವಿಳಾಸ ಬೇಕು. 32 ಬಿಟ್ ವಿಳಾಸ ಅಂದ್ರೆ 0 ಮತ್ತು 1 ಸೇರಿಸಿ 32 ಸ್ಥಾನ. ಒಟ್ಟು ಸಿಗೋ ವಿಳಾಸ 429 ಕೋಟಿ 49 ಲಕ್ಷ 67 ಸಾವಿರದ 296. ಅದೇ 4 ಜಿಬಿ. ಅದರಲ್ಲೂ ಒಂದಷ್ಟು ವಿಳಾಸ ಗ್ರಾಫಿಕ್ಸ್ ಮುಂತಾದ ಸಾಧನಗಳಿಗೆ ಹೋಗುತ್ತೆ. ಉಳಿದದ್ದು 3 ಚಿಲ್ಲರೆ. ನನ್ನ ಗೆಳತಿಯ ಹೊಸ ರ‍್ಯಾಮ್ ಮನೆ ಕಟ್ಟಿಸಿ ಡೋರ್ ನಂಬರ್ ಸಿಗದ ಹಾಗಾಗಿತ್ತು.

ಈಗ 1978ಕ್ಕೆ ಹೋಗೋಣ. ಇಂಟೆಲ್ 8086 ಅನ್ನೋ 16 ಬಿಟ್ ಚಿಪ್ ತಂತು. ಆಮೇಲೆ 80186, 80286, 80386 ಬಂದವು. ಎಲ್ಲದರ ಕೊನೆಗೂ 86. ಅದಕ್ಕೇ ಇಡೀ ಕುಟುಂಬಕ್ಕೆ ಎಕ್ಸ್86 ಅನ್ನೋ ಹೆಸರು. ಈ ಮನೆತನದ ದೊಡ್ಡ ಗುಣ ಏನು ಗೊತ್ತಾ? ಹೊಸ ಚಿಪ್ ಬಂದರೂ ಹಳೇ ಪ್ರೋಗ್ರಾಂಗಳು ಓಡ್ತಿದ್ವು.

1985ರ 80386 ಈ ಕುಟುಂಬದ ಮೊದಲ 32 ಬಿಟ್ ಚಿಪ್. ಆದ್ರೆ ಸಾಮಾನ್ಯ ಜನರ ಮನೆಗೆ 32 ಬಿಟ್ ವಿಂಡೋಸ್ ತಲುಪಿದ್ದು 1995ರಲ್ಲಿ, ವಿಂಡೋಸ್ 95 ಜೊತೆ. ನಡುವೆ ಹತ್ತು ವರ್ಷ! ಚಿಪ್ ಮುಂದೆ ಓಡೋದು, ಆಪರೇಟಿಂಗ್ ಸಿಸ್ಟಮ್ ಹಿಂದಿನಿಂದ ಬರೋದು ಅವತ್ತಿನಿಂದಲೇ ಶುರು.

📌 3/4

4 ಜಿಬಿ ಗೋಡೆ ಹತ್ತಿರ ಬಂದಾಗ ಇಂಟೆಲ್ ಒಂದು ದೊಡ್ಡ ಜೂಜು ಆಡ್ತು. ಎಚ್‌ಪಿ ಜೊತೆ ಸೇರಿ, ಎಕ್ಸ್86 ದಾರಿ ಬಿಟ್ಟು, ಪೂರ್ತಿ ಹೊಸ ವಿನ್ಯಾಸದ 64 ಬಿಟ್ ಚಿಪ್ ಮಾಡ್ತು. ಹೆಸರು ಐಟೇನಿಯಂ. 2001ರಲ್ಲಿ ಮಾರುಕಟ್ಟೆಗೆ ಬಂತು. ಆದ್ರೆ ಹಳೇ ಎಕ್ಸ್86 ಪ್ರೋಗ್ರಾಂಗಳು ಅದರ ಮೇಲೆ ನಿಧಾನ. ಎಲ್ಲವನ್ನೂ ಹೊಸದಾಗಿ ಸಿದ್ಧಪಡಿಸಿಕೊಳ್ಳಿ ಅಂದ್ರೆ ಯಾರು ಒಪ್ತಾರೆ? ಟೈಟಾನಿಕ್ ನೆನೆದು ಜನ ಅದನ್ನ ‘ಐಟಾನಿಕ್’ ಅಂತ ಆಡಿಕೊಂಡ್ರು.

ಇಂಟೆಲ್‌ಗಿಂತ ತುಂಬಾ ಚಿಕ್ಕ ಕಂಪನಿಯಾಗಿದ್ದ ಎಎಂಡಿ ಬೇರೆ ದಾರಿ ಹಿಡೀತು. ಹಳೇ ಮನೆ ಕೆಡವೋದು ಬೇಡ, ಮೇಲೊಂದು ಮಹಡಿ ಕಟ್ಟೋಣ ಅನ್ನೋ ಲೆಕ್ಕ. ಎಕ್ಸ್86 ಅನ್ನೇ 64 ಬಿಟ್‌ಗೆ ಹಿಗ್ಗಿಸಿತು. 2003ರ ಏಪ್ರಿಲ್‌ನಲ್ಲಿ ಸರ್ವರ್‌ಗಳಿಗೆ ಆಪ್ಟೆರಾನ್, ಸೆಪ್ಟೆಂಬರ್‌ನಲ್ಲಿ ಮನೆ ಕಂಪ್ಯೂಟರ್‌ಗೆ ಅಥ್ಲಾನ್ 64 ಬಂತು. ಹಳೇ 32 ಬಿಟ್ ಪ್ರೋಗ್ರಾಂ ಅದೇ ವೇಗದಲ್ಲಿ ಓಡುತ್ತೆ, ಹೊಸದು ಬೇಕಾದವರಿಗೆ 64 ಬಿಟ್ಟೂ ಇದೆ.

2004ರಲ್ಲಿ ಇಂಟೆಲ್ ತಾನೇ ಎಎಂಡಿ ವಿನ್ಯಾಸವನ್ನ ತನ್ನ ಚಿಪ್‌ಗಳಿಗೆ ಅಳವಡಿಸಿಕೊಳ್ತು. ಹೆಸರು ಮಾತ್ರ ಬೇರೆ ಇಟ್ಕೊಳ್ತು ಅಷ್ಟೇ 😄 ಈ ಚಿಪ್‌ಗಳಿಗಾಗಿ ವಿಂಡೋಸ್ ಎಕ್ಸ್‌ಪಿಯ 64 ಬಿಟ್ ಆವೃತ್ತಿ ಬರೋ ಹೊತ್ತಿಗೆ 2005ರ ಏಪ್ರಿಲ್. ಮತ್ತೆ ಚಿಪ್ ಮುಂದೆ, ವಿಂಡೋಸ್ ಹಿಂದೆ.

ಅದಾದ ಮೇಲೂ ಎಷ್ಟೋ ವರ್ಷ 64 ಬಿಟ್ ಯಂತ್ರದ ಮೇಲೆ 32 ಬಿಟ್ ವಿಂಡೋಸ್ ಹಾಕೋದು ನಡೀತಾನೇ ಇತ್ತು. ರ‍್ಯಾಮ್ ಹೇಗೂ 2 ಜಿಬಿ, ಹಳೇ ಪ್ರಿಂಟರ್‌ಗೆ 32 ಬಿಟ್ ಡ್ರೈವರ್ ಮಾತ್ರ ಇದೆ, ಹೀಗೆ ನೂರು ಕಾರಣ. ನನ್ನ ಗೆಳತಿಯ ಲ್ಯಾಪ್‌ಟಾಪ್ ಕೂಡ ಆ ಸಾಲಿನದೇ. 2021ರಲ್ಲಿ ಎರಡು ಸಂಗತಿ ನಡೆದವು: ಐಟೇನಿಯಂ ಚಿಪ್ ಕಳಿಸೋದನ್ನ ಇಂಟೆಲ್ ನಿಲ್ಲಿಸ್ತು, ಮತ್ತು ವಿಂಡೋಸ್ 11 ಬರೀ 64 ಬಿಟ್‌ನಲ್ಲೇ ಬಂತು.

📌 4/4

ಗೆಳತಿಯ ಲ್ಯಾಪ್‌ಟಾಪ್‌ನ ಪ್ರೊಸೆಸರ್ ಹಳೇದು, ವಿಂಡೋಸ್ 11 ಒಪ್ಪಲ್ಲ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಸರಿ, 64 ಬಿಟ್ ಉಬುಂಟು ಹಾಕೋಣ ಅಂತ ಡೌನ್‌ಲೋಡ್ ಮಾಡಿದ್ರೆ ಫೈಲ್ ಹೆಸರಿನ ಕೊನೆಗೆ ‘ಎಎಂಡಿ64’ ಅಂತಿದೆ. "ಏ ನಿಲ್ಸೇ, ನಂದು ಇಂಟೆಲ್ಲು, ಇದು ಬೇರೆ ಕಂಪನಿದು!" ಅಂತ ಕಿರುಚಿದ್ಲು. ಅವಳಿಗೆ ಹೇಳಿದ್ದೇ ಮೇಲಿನ ಕಥೆ. ಆ ಹೆಸರು ವಿನ್ಯಾಸ ಮಾಡಿದವರದ್ದು. ಇಂಟೆಲ್‌ನ 64 ಬಿಟ್ ಲ್ಯಾಪ್‌ಟಾಪ್‌ಗೂ ಅದೇ ಫೈಲ್.

ನೀವೂ ಈಗಲೇ ಸಿಸ್ಟಮ್ ಟೈಪ್ ನೋಡಿ:

✅ ಎರಡೂ 64 ಇದ್ರೆ ಚಿಂತೆ ಇಲ್ಲ.
✅ ಓಎಸ್ 32, ಪ್ರೊಸೆಸರ್ ಎಕ್ಸ್64 ಇದ್ರೆ ಮೊದಲು ಓಎಸ್ ಬದಲಿಸಿ, ಆಮೇಲೆ ರ‍್ಯಾಮ್ ಯೋಚನೆ. 32ರಿಂದ 64ಕ್ಕೆ ಸೀದಾ ಅಪ್‌ಗ್ರೇಡ್ ಆಗಲ್ಲ, ಹೊಸದಾಗೇ ಇನ್‌ಸ್ಟಾಲ್ ಮಾಡ್ಬೇಕು. ಫೈಲ್‌ಗಳನ್ನ ಬೇರೆ ಕಡೆ ಕಾಪಿ ಮಾಡಿಟ್ಕೊಳ್ಳಿ!
✅ ಓಎಸ್ 32, ಪ್ರೊಸೆಸರ್ ಎಕ್ಸ್86 ಇದ್ರೆ 4 ಜಿಬಿ ಮೇಲೆ ರ‍್ಯಾಮ್‌ಗೆ ದುಡ್ಡು ಸುರೀಬೇಡಿ.

ಉಬುಂಟು ಹಾಕಿದ ಮೇಲೆ ಅವಳ ಲ್ಯಾಪ್‌ಟಾಪ್ 8 ಜಿಬಿ ಹತ್ತಿರ ಹತ್ತಿರ ಪೂರ್ತಿ ಬಳಸ್ತಿದೆ. ಪ್ರಾಜೆಕ್ಟ್ ಸಬ್ಮಿಟ್ ಆಯ್ತು. ಅಂಗಡಿ ಅಣ್ಣ ಹಾಕಿಕೊಟ್ಟ ರ‍್ಯಾಮ್ ಅಸಲಿನೇ ಆಗಿತ್ತು. ಅವರನ್ನ ಬೈದದ್ದಕ್ಕೆ ಅವಳಿಗೆ ಈಗಲೂ ನಾಚಿಕೆ.

ನಿಮ್ಮದು 32ಆ, 64ಆ? ಕಾಮೆಂಟ್‌ನಲ್ಲಿ ಹಾಕಿ. ರ‍್ಯಾಮ್ ಹಾಕಿಸೋಕೆ ಹೊರಟಿರೋ ಫ್ರೆಂಡ್‌ಗೆ ಇದನ್ನ ಕಳಿಸಿ 🙏

ಮುಂದಿನ ವಾರ: 2038ರ ಜನವರಿ 19ರ ಬೆಳಗ್ಗೆ 32 ಬಿಟ್ ಗಡಿಯಾರಗಳಿಗೆ ಏನಾಗುತ್ತೆ?

#ಕಂಪ್ಯೂಟರ್_ಕಥೆ #ಕನ್ನಡದಲ್ಲಿ_ಟೆಕ್